ತಾನಾಗಿ ಬಂದ ನೀರು, ಸೇದಿದ ನೀರು: ಯೆಹೂದಿ ಗ್ರಂಥಗಳಲ್ಲಿ ನೀರನ್ನು ಓದುವ ಬಗೆ

ಯೆಹೂದಿಗಳ ಧರ್ಮಗ್ರಂಥವನ್ನು ಕನ್ನಡದಲ್ಲಿ ಓದತೊಡಗಿದವರಿಗೆ ಮೊದಲ ಪುಟದಲ್ಲಿಯೇ ನೀರು ಎದುರಾಗುತ್ತದೆ. ಅಲ್ಲಿಂದ ಮುಂದೆ ಜಲಪ್ರಳಯ, ಬಾವಿಕಟ್ಟೆ, ಇಬ್ಭಾಗವಾದ ಸಮುದ್ರ, ಬಂಡೆಯಿಂದ ಚಿಮ್ಮಿದ ಬುಗ್ಗೆ, ಮಳೆ, ಇಬ್ಬನಿ, ಮೀಯುವ ಕೊಳ, ಯಾಜಕರು ಕೈಕಾಲು ತೊಳೆಯುವ ತಾಮ್ರದ ಗಂಗಾಳ ಎಂದು ನೀರು ನಾನಾ ರೂಪದಲ್ಲಿ ಬರುತ್ತಲೇ ಇರುತ್ತದೆ. ನಮಗೂ ನೀರು ಪವಿತ್ರವೇ ಆದ್ದರಿಂದ, ಓದುವಾಗ ಗಂಗೆ, ತೀರ್ಥ, ಅಭಿಷೇಕ, ಮಡಿ ಎಂಬ ನಮ್ಮ ಮಾತುಗಳು ಕರೆಯದೆಯೇ ಬಂದು ಮುಂದೆ ನಿಲ್ಲುತ್ತವೆ. ಅವು ಬಾಗಿಲವರೆಗೆ ಕರೆದೊಯ್ಯುತ್ತವೆ ಎಂಬುದು ನಿಜ, ಆದರೆ ಒಳಗೆ ಹೋಗಲು ಅಡ್ಡ ನಿಲ್ಲುವುದೂ ಅವೇ.

ಮೈಯ ಅಶುದ್ಧಿ ಮತ್ತು ಸ್ನಾನದ ಕಟ್ಟಳೆಗಳಿರುವ ಯಾಜಕಕಾಂಡದ 15ನೆಯ ಅಧ್ಯಾಯವನ್ನು ಮೊದಲ ಸಲ ಓದಿದಾಗ ನಾನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಮಡಿ’ ಎಂದು ಬರೆದುಕೊಂಡಿದ್ದೆ. ಆ ಒಂದು ಪದ ಎರಡು ವರ್ಷಗಳ ಕಾಲ ನನ್ನ ಓದನ್ನು ತಪ್ಪು ದಾರಿಯಲ್ಲಿ ನಡೆಸಿತು. ನೀರಿನ ಪ್ರಸಂಗ ಬಂದಲ್ಲೆಲ್ಲ ಒಂದೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳತೊಡಗಿದ ಮೇಲೆ ದಾರಿ ಸರಿಹೋಯಿತು: ಈ ನೀರು ಇಲ್ಲಿಗೆ ಹೇಗೆ ಬಂತು? ತಾನಾಗಿ ಬಂತೋ, ಯಾರಾದರೂ ಸೇದಿ ತಂದರೋ? ಯೆಹೂದಿ ಗ್ರಂಥಗಳು ನೀರಿನ ಬಗ್ಗೆ ಹೇಳುವ ಬಹುಪಾಲು ಮಾತುಗಳು ಈ ಒಂದು ಪ್ರಶ್ನೆಯ ಸುತ್ತ ಹೆಣೆದುಕೊಂಡಿವೆ ಎಂಬುದು ನನ್ನ ಅನುಭವ. ಈ ಕೈಪಿಡಿಯೂ ಅದನ್ನೇ ಹಿಡಿದು ನಡೆಯುತ್ತದೆ.

ಓದಿಗೆ ಬೇಕಾದ ಸಾಮಗ್ರಿ

ಮನೆಯಲ್ಲಿ ಕನ್ನಡದ ಸತ್ಯವೇದ ಒಂದಿದ್ದರೆ ಸಾಕು. ಇಲ್ಲದವರಿಗೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವ ಬೈಬಲ್ ಸೊಸೈಟಿಯಲ್ಲಿ ದೊರೆಯುತ್ತದೆ. ಅದರಲ್ಲಿ ‘ಹಳೆಯ ಒಡಂಬಡಿಕೆ’ ಎಂದು ಅಚ್ಚಾಗಿರುವ ಭಾಗವೇ ಯೆಹೂದಿಗಳ ಧರ್ಮಗ್ರಂಥ. ಆದರೆ ಅವರು ಅದನ್ನು ಹಳೆಯದೆಂದು ಕರೆಯುವುದಿಲ್ಲ. ಅವರ ಪಾಲಿಗೆ ಅದು ತನಖ್. ಅದರ ಎಣಿಕೆ 24 ಗ್ರಂಥಗಳು, ಜೋಡಣೆಯ ಕ್ರಮವೂ ಬೇರೆ. ಮಿಷ್ನಾ ಮತ್ತು ತಾಲ್ಮುದ್‌ಗಳನ್ನು ನೋಡಲು ಸೆಫಾರಿಯಾ ಎಂಬ ಜಾಲತಾಣದಲ್ಲಿ ಹೀಬ್ರೂ ಮೂಲವೂ ಇಂಗ್ಲಿಷ್ ಅನುವಾದವೂ ಉಚಿತವಾಗಿ ಸಿಗುತ್ತವೆ. ಮಿಷ್ನಾ ಎಂದರೆ ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮೌಖಿಕ ಕಟ್ಟಳೆಗಳ ಗ್ರಂಥ. ತಾಲ್ಮುದ್ ಎಂದರೆ ಅದರ ಮೇಲೆ ಮುಂದಿನ ಕೆಲವು ಶತಮಾನಗಳ ಕಾಲ ನಡೆದ ಚರ್ಚೆ. ತನಖ್ ಓದಿ ಅಲ್ಲಿಗೇ ನಿಲ್ಲಿಸಿದರೆ ಯೆಹೂದಿಗಳ ನೀರು ಅರ್ಧ ಮಾತ್ರ ಕಾಣುತ್ತದೆ. ಅವರು ಸಾವಿರಾರು ವರ್ಷ ಬದುಕಿದ್ದು ಮೂಲಪಾಠವನ್ನೂ ಅದರ ಚರ್ಚೆಯನ್ನೂ ಒಟ್ಟಿಗೆ ಓದುತ್ತ.

ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೀರು ಬಂದ ಪ್ರತಿಯೊಂದು ಪ್ರಸಂಗದ ಮುಂದೆ ಅದು ಮಳೆಯೋ, ಬುಗ್ಗೆಯೋ, ಹೊಳೆಯೋ, ಬಾವಿಯೋ, ಕೊಡದಲ್ಲಿ ತಂದದ್ದೋ ಎಂದು ಒಂದೇ ಪದದಲ್ಲಿ ಗುರುತು ಮಾಡಿ. ವ್ಯಾಖ್ಯಾನವನ್ನು ಆಮೇಲೆ ನೋಡಿದರಾಯಿತು.

ಸೃಷ್ಟಿಯ ಎರಡನೆಯ ದಿನ

ಆದಿಕಾಂಡದ ಮೊದಲ ಹತ್ತು ವಚನಗಳನ್ನು ಅವಸರವಿಲ್ಲದೆ ಓದಿ. ಬೆಳಕು ಇನ್ನೂ ಇಲ್ಲದಾಗಲೇ ಅಲ್ಲಿ ನೀರಿದೆ, ದೇವರ ಆತ್ಮ ಅದರ ಮೇಲೆ ಚಲಿಸುತ್ತಿದೆ. ನೀರು ಉಂಟಾಗಲಿ ಎಂಬ ಅಪ್ಪಣೆ ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಬೆಳಕಿಗೆ ಅಪ್ಪಣೆಯಾಗುತ್ತದೆ, ಗಿಡಮರಗಳಿಗೆ ಆಗುತ್ತದೆ. ಈ ಹತ್ತು ವಚನಗಳಲ್ಲಿ ನೀರಿಗೆ ಸಿಗುವ ಅಪ್ಪಣೆ ಬೇರ್ಪಡುವುದಕ್ಕೆ ಮತ್ತು ಒಂದೆಡೆ ಕೂಡುವುದಕ್ಕೆ ಮಾತ್ರ.

ಹೀಬ್ರೂವಿನಲ್ಲಿ ನೀರಿಗೆ ‘ಮಯಿಮ್’ ಎನ್ನುತ್ತಾರೆ. ಅದಕ್ಕೆ ಏಕವಚನದ ಬಳಕೆಯಿಲ್ಲ. ಆಕಾಶಕ್ಕೆ ‘ಶಮಯಿಮ್’ ಎಂದು ಹೆಸರು, ಅದರೊಳಗೂ ನೀರಿದೆ. ‘ಅಲ್ಲಿ ನೀರಿದೆ’ ಎಂಬ ಮಾತೇ ಆಕಾಶದ ಹೆಸರಾಯಿತೆಂದು ತಾಲ್ಮುದ್ದಿನ ಹಗೀಗಾ ಭಾಗದಲ್ಲಿ ಒಬ್ಬರು ಬಿಡಿಸಿದರೆ, ಬೆಂಕಿಯನ್ನೂ ನೀರನ್ನೂ ಬೆರೆಸಿ ಮಾಡಿದ್ದರಿಂದ ಆ ಹೆಸರು ಬಂತೆಂದು ಇನ್ನೊಬ್ಬರು ಹೇಳುತ್ತಾರೆ. ‘ಮ’ಕಾರವನ್ನು ಸೂಚಿಸುವ ಮೇಮ್ ಎಂಬ ಅಕ್ಷರದ ಹೆಸರೂ ನೀರಿನಿಂದಲೇ ಹುಟ್ಟಿದ್ದು, ಅದರ ಸಂಖ್ಯಾಮೌಲ್ಯ 40. ಪ್ರಳಯದ ಮಳೆ 40 ದಿನ, ಮೋಶೆ ಬೆಟ್ಟದ ಮೇಲಿದ್ದದ್ದು 40 ದಿನ, ಮರುಭೂಮಿಯ ಅಲೆದಾಟ 40 ವರ್ಷ. ಈ ಸಂಖ್ಯೆಯನ್ನು ನೆನಪಿಡಿ, ಮೀಯುವ ಕೊಳದ ಬಳಿ ಅದು ಮತ್ತೆ ಬರುತ್ತದೆ.

ಎರಡನೆಯ ದಿನ ಮೇಲಿನ ನೀರು ಮತ್ತು ಕೆಳಗಿನ ನೀರು ಬೇರೆಯಾದವು. ಉಳಿದ ದಿನಗಳಲ್ಲಿ ಬರುವ ‘ಅದು ಒಳ್ಳೆಯದೆಂದು ಕಂಡಿತು’ ಎಂಬ ಮಾತು ಆ ದಿನ ಮಾತ್ರ ಇಲ್ಲ. ಏಕಿಲ್ಲ ಎಂದು ಆದಿಕಾಂಡದ ಮಿದ್ರಾಷ್, ಅಂದರೆ ಹಳೆಯ ರಬ್ಬಿಗಳ ವ್ಯಾಖ್ಯಾನ, ಕೇಳುತ್ತದೆ. ಆ ದಿನ ಹುಟ್ಟಿದ್ದು ವಿಭಜನೆ, ಅದನ್ನು ಒಳ್ಳೆಯದೆನ್ನುವುದು ಹೇಗೆ ಎಂಬುದು ಒಂದು ಉತ್ತರ. ನೀರಿನ ಕೆಲಸ ಅಂದಿಗೆ ಮುಗಿದಿರಲಿಲ್ಲ, ಮೂರನೆಯ ದಿನ ಮುಗಿಯಿತು, ಆದ್ದರಿಂದಲೇ ಆ ದಿನ ಆ ಮಾತು ಎರಡು ಸಲ ಬರುತ್ತದೆ ಎಂಬುದು ಇನ್ನೊಂದು. ಕೆಳಗೆ ಉಳಿದ ನೀರಿಗೆ ದುಃಖವಾಯಿತೆಂಬ ಕಲ್ಪನೆಯೂ ಈ ಪರಂಪರೆಯಲ್ಲಿ ಬೆಳೆದುಬಂದಿದೆ. 11ನೆಯ ಶತಮಾನದ ವ್ಯಾಖ್ಯಾನಕಾರ ರಾಶಿ ಯಾಜಕಕಾಂಡದ 2ನೆಯ ಅಧ್ಯಾಯದ ಉಪ್ಪಿನ ಕಟ್ಟಳೆಗೆ ಬರೆದ ಟಿಪ್ಪಣಿಯಲ್ಲಿ, ಸೃಷ್ಟಿಯ ದಿನಗಳಲ್ಲಿಯೇ ಕೆಳಗಿನ ನೀರಿಗೆ ಒಂದು ವಾಗ್ದಾನವಾಯಿತೆಂದು ಹೇಳುತ್ತಾನೆ: ಉಪ್ಪಿನ ರೂಪದಲ್ಲಿಯೂ, ಸುಕ್ಕೋತ್ ಎಂಬ ಚಪ್ಪರದ ಹಬ್ಬದ ನೀರಿನ ನೈವೇದ್ಯದ ರೂಪದಲ್ಲಿಯೂ ಅದು ಬಲಿಪೀಠವನ್ನು ಸೇರುತ್ತದೆ. ಕೆಳಗೆ ಬಿದ್ದ ನೀರನ್ನು ಮತ್ತೆ ಮೇಲಕ್ಕೆ ಒಯ್ಯುವವನು ಮನುಷ್ಯ ಎಂಬ ಆ ಮಾತನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಮಳೆಯನ್ನು ಓದುವಾಗ ಪಂಚಾಂಗ ಬದಲಿಸಿಕೊಳ್ಳಬೇಕು

ಮುಂದಿನ ಓದು ಧರ್ಮೋಪದೇಶಕಾಂಡದ 11ನೆಯ ಅಧ್ಯಾಯ, 10ರಿಂದ 17ರವರೆಗಿನ ವಚನಗಳು. ನೀವು ಬಿಟ್ಟುಬಂದ ಈಜಿಪ್ಟಿನಲ್ಲಿ ಕಾಲಿನಿಂದ ದುಡಿದು ತೋಟಕ್ಕೆ ನೀರು ಕಟ್ಟುತ್ತಿದ್ದಿರಿ, ನೀವು ಸೇರಲಿರುವ ನಾಡಾದರೋ ಆಕಾಶದ ಮಳೆಯನ್ನು ಕುಡಿಯುವ ಬೆಟ್ಟಕಣಿವೆಗಳ ನಾಡು ಎಂದು ಮೋಶೆ ಜನರಿಗೆ ಹೇಳುವ ಭಾಗ ಇದು. ಏತ ತುಳಿದು ನೀರೆತ್ತುವುದನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಈ ವಚನವನ್ನು ಅವರಿಗೆ ಓದಿ ಹೇಳಿ. ಈಜಿಪ್ಟಿನ ಆ ಕಾಲು ಅವರಿಗೆ ಕೂಡಲೇ ಅರ್ಥವಾಗುತ್ತದೆ. ನೈಲ್ ನದಿಯ ನಾಡಿನಲ್ಲಿ ನೀರಿಗೆ ಬರವಿಲ್ಲ, ಅಲ್ಲಿ ತಲೆಯೆತ್ತಿ ನೋಡುವ ಅಗತ್ಯವೂ ಇಲ್ಲ. ಮಳೆಯ ನಾಡಿನಲ್ಲಿ ಪ್ರತಿವರ್ಷವೂ ತಲೆಯೆತ್ತಬೇಕು. ಈ ಭಾಗ ಶೆಮಾ ಪ್ರಾರ್ಥನೆಯ ಅಂಗವಾಗಿರುವುದರಿಂದ ಶ್ರದ್ಧಾವಂತ ಯೆಹೂದಿ ದಿನಕ್ಕೆರಡು ಬಾರಿ ಮಳೆಯ ಮಾತನ್ನು ಬಾಯಲ್ಲಿ ಆಡುತ್ತಾನೆ.

ಬೆಂಗಳೂರಿನವರು ಈ ಎರಡೂ ನಾಡುಗಳಲ್ಲಿ ಏಕಕಾಲಕ್ಕೆ ಬದುಕುತ್ತಿದ್ದಾರೆ. ದೊಡ್ಡ ನದಿಯಿಲ್ಲದ ದಿಣ್ಣೆಯ ಮೇಲಿನ ಈ ಊರು ಕೆಂಪೇಗೌಡರ ಕಾಲದಿಂದ ಕೆರೆಗಳನ್ನು ಕಟ್ಟಿ, ಬಿದ್ದ ಮಳೆಯನ್ನು ಹಿಡಿದು ಬದುಕಿತು. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಬಂದ ಮೇಲೆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಕೊಳವೆಯಲ್ಲಿ ಹರಿದು, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪುಗಳಿಂದ ಎತ್ತಲ್ಪಟ್ಟು, ಸುಮಾರು 500 ಮೀಟರ್ ಎತ್ತರವನ್ನು ಏರಿ ನಮ್ಮ ನಲ್ಲಿಗೆ ಬರುತ್ತಿದೆ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿ ಬತ್ತಿ, ಸಂಪಿನ ತಳದಲ್ಲಿ ಒಂದು ಗೇಣು ನೀರು ಉಳಿದು, ಟ್ಯಾಂಕರಿಗಾಗಿ ರಾತ್ರಿ ಹತ್ತರವರೆಗೆ ಗೇಟಿನ ಬಳಿ ಕಾದು ನಿಂತಿದ್ದ ಒಂದು ದಿನ ನಾನು ಈ ಅಧ್ಯಾಯವನ್ನು ಮತ್ತೆ ಓದಿದೆ. ಆಕಾಶ ಮುಚ್ಚಿಹೋದೀತು ಎಂಬ 17ನೆಯ ವಚನದ ಎಚ್ಚರಿಕೆಯನ್ನು ಅದಕ್ಕೆ ಮೊದಲು ಹತ್ತಾರು ಸಲ ಓದಿದ್ದರೂ ಅದರ ಭಾರ ಗೊತ್ತಾದದ್ದು ಅಂದೇ.

ಇಲ್ಲೊಂದು ಎಚ್ಚರಿಕೆ ಬೇಕು. 14ನೆಯ ವಚನದಲ್ಲಿ ಬರುವ ಯೋರೆ, ಮಲ್ಕೋಶ್ ಎಂಬ ಎರಡು ಮಳೆಗಳನ್ನು ಕನ್ನಡದಲ್ಲಿ ಮುಂಗಾರು, ಹಿಂಗಾರು ಎನ್ನುವುದು ಸಹಜ. ಆದರೆ ನಮ್ಮ ತಿಂಗಳುಗಳನ್ನು ಅಲ್ಲಿಗೆ ಹೊತ್ತೊಯ್ಯಬಾರದು. ಇಸ್ರೇಲಿನ ನಾಡಿನಲ್ಲಿ ಬೇಸಿಗೆಯೆಲ್ಲ ಒಣ. ಯೋರೆ ಬೀಳುವುದು ಅಕ್ಟೋಬರ್–ನವೆಂಬರಿನಲ್ಲಿ, ನಡುವೆ ಚಳಿಗಾಲದ ಮಳೆ, ಮಲ್ಕೋಶ್ ಮಾರ್ಚ್–ಏಪ್ರಿಲಿನಲ್ಲಿ. ನಮಗೆ ಹಿಂಗಾರು ಬರುವ ಹೊತ್ತಿಗೆ ಅವರಿಗೆ ಮೊದಲ ಮಳೆ. ಇದನ್ನು ತಿಳಿಯದೆ ಅವರ ಹಬ್ಬಗಳನ್ನು ಓದಿದರೆ ಯಾವುದೂ ಕೂಡಿಬರುವುದಿಲ್ಲ.

ಇದಾದ ಮೇಲೆ ಮಿಷ್ನಾದ ತಾನೀತ್ ಭಾಗದ ಮೊದಲ ಅಧ್ಯಾಯವನ್ನು ತೆರೆಯಿರಿ. ಮಳೆಯನ್ನು ಯಾವ ದಿನದಿಂದ ಬೇಡಬೇಕು ಎಂಬ ಚರ್ಚೆ ಅಲ್ಲಿದೆ. ಎಲೆಗಳ ಚಪ್ಪರದಡಿ ವಾಸಿಸುವ ಸುಕ್ಕೋತ್ ಹಬ್ಬದ ನಡುವೆ ಮಳೆ ಬೀಳುವುದು ಶಾಪದ ಗುರುತು. ಸುಕ್ಕಾ ಭಾಗದಲ್ಲಿ ಇದಕ್ಕೆ ಕೊಟ್ಟ ಹೋಲಿಕೆಯೂ ನೀರಿನದೇ: ಒಡೆಯನಿಗೆ ಬಟ್ಟಲು ತುಂಬಿಕೊಡಲು ಆಳು ಬಂದಾಗ, ಒಡೆಯ ಹೂಜಿಯ ನೀರನ್ನೇ ಆಳಿನ ಮುಖಕ್ಕೆ ಎರಚಿದಂತೆ. ಹಬ್ಬ ಮುಗಿದೊಡನೆಯೂ ಮಳೆ ಬೇಡುವಂತಿಲ್ಲ. ಮಿಷ್ನಾದ ವಿದ್ವಾಂಸ ರಬ್ಬಾನ್ ಗಮ್ಲಿಯೇಲನ ಮಾತಿನಂತೆ ಖೆಶ್ವಾನ್ ತಿಂಗಳ 7ರವರೆಗೆ, ಅಂದರೆ ಹಬ್ಬ ಕಳೆದು 15 ದಿನಗಳವರೆಗೆ, ಕಾಯಬೇಕು. ಯೆರೂಸಲೇಮಿಗೆ ಬಂದಿದ್ದ ಯಾತ್ರಿಕರಲ್ಲಿ ಅತ್ಯಂತ ದೂರದವನು ಅಷ್ಟರಲ್ಲಿ ಯೂಫ್ರೆಟಿಸ್ ನದಿಯನ್ನು ತಲುಪಿರುತ್ತಾನೆ. ದಾರಿಯಲ್ಲಿರುವ ಒಬ್ಬ ನೆನೆಯಬಾರದೆಂದು ಇಡೀ ನಾಡು ತನ್ನ ಮಳೆಯನ್ನು ಎರಡು ವಾರ ತಡೆದು ಬೇಡುವ ಈ ಕಟ್ಟಳೆಯಷ್ಟು ನನ್ನನ್ನು ತಟ್ಟಿದ ಕಟ್ಟಳೆಗಳು ಹೆಚ್ಚಿಲ್ಲ. ಇಂದಿಗೂ ಇಸ್ರೇಲಿನಲ್ಲಿ ಆ ದಿನದಿಂದಲೇ ಮಳೆಯ ಬೇಡಿಕೆ ಪ್ರಾರ್ಥನೆಯೊಳಗೆ ಸೇರುತ್ತದೆ.

ಅದೇ ತಾನೀತ್ ಭಾಗದ 3ನೆಯ ಅಧ್ಯಾಯದಲ್ಲಿ ನೆಲದ ಮೇಲೆ ವೃತ್ತ ಬರೆದು, ಮಳೆ ಬರುವವರೆಗೆ ಅದರಿಂದ ಹೊರಬರುವುದಿಲ್ಲವೆಂದು ದೇವರೊಡನೆ ಹಟ ಹಿಡಿದ ಹೊನಿಯ ಕಥೆಯಿದೆ. ಮೊದಲು ಹನಿ ಮಾತ್ರ ಬಿತ್ತು, ಆಮೇಲೆ ಮುಸಲಧಾರೆ. ನಾನು ಕೇಳಿದ್ದು ಇದಲ್ಲ, ಪ್ರೀತಿಯ ಮಳೆ, ಆಶೀರ್ವಾದದ ಮಳೆ ಎಂದ ಮೇಲೆ ಹದವಾಗಿ ಸುರಿಯಿತು. ಹಿರಿಯನಾದ ಶಿಮೋನ್ ಬೆನ್ ಶೆತಾಖ್ ಅವನ ಮೇಲೆ ಸಿಟ್ಟಾದರೂ, ತಂದೆಯನ್ನು ಕಾಡಿ ಬೇಡಿದ್ದನ್ನು ಪಡೆಯುವ ಮಗನಿಗೆ ಏನು ಮಾಡಲಾದೀತು ಎಂದು ಸುಮ್ಮನಾದ.

ಮಿಕ್ವೆ: ಕೂಡಿ ನಿಂತ ನೀರು

ಹೆಚ್ಚು ಹೊತ್ತು ಕೊಡಬೇಕಾದ ವಿಷಯ ಇದು. ಮೂರನೆಯ ದಿನ ನೀರು ಒಂದೆಡೆ ಕೂಡಿದ್ದಕ್ಕೆ ಆದಿಕಾಂಡದಲ್ಲಿ ಬಳಸಿದ ಪದ ‘ಮಿಕ್ವೆ’. ಮುಳುಗಿ ಶುದ್ಧರಾಗುವ ಕೊಳಕ್ಕೂ ಅದೇ ಹೆಸರು ನಿಂತಿತು. ಅದೇ ಅಕ್ಷರಗಳ ಪದಕ್ಕೆ ‘ಭರವಸೆ’ ಎಂಬ ಅರ್ಥವೂ ಇದೆ. ಯೆರೆಮೀಯನ 17ನೆಯ ಅಧ್ಯಾಯದ 13ನೆಯ ವಚನ ದೇವರನ್ನು ಇಸ್ರೇಲಿನ ಮಿಕ್ವೆ ಎನ್ನುವಾಗ ಆ ಎರಡು ಅರ್ಥಗಳೂ ಒಟ್ಟಿಗೆ ಮಿಡಿಯುತ್ತವೆ, ಏಕೆಂದರೆ ಅದೇ ವಚನದ ಕೊನೆಯಲ್ಲಿ ಜೀವಜಲದ ಬುಗ್ಗೆಯ ಮಾತು ಬರುತ್ತದೆ. ಕನ್ನಡ ಅನುವಾದದಲ್ಲಿ ಒಂದು ಅರ್ಥ ಮಾತ್ರ ಉಳಿಯುವುದರಿಂದ ಈ ವಚನದ ಬಳಿ ನಿಂತು ಮೂಲಪದವನ್ನು ನೆನೆಯಬೇಕು.

ಮಿಕ್ವೆಯ ಕಟ್ಟಳೆಗಳು ಮಿಷ್ನಾದ ಮಿಕ್ವಾಓತ್ ಎಂಬ ಹತ್ತು ಅಧ್ಯಾಯಗಳ ಭಾಗದಲ್ಲಿವೆ. ಅದರ ಮೊದಲ ಅಧ್ಯಾಯ ಗುಂಡಿಯಲ್ಲಿ ನಿಂತ ನೀರಿನಿಂದ ಹಿಡಿದು ಬುಗ್ಗೆಯ ‘ಜೀವಜಲ’ದವರೆಗೆ ಆರು ಅಂತಸ್ತಿನ ನೀರನ್ನು ಒಂದಕ್ಕಿಂತ ಒಂದು ಮೇಲೆಂದು ಜೋಡಿಸುತ್ತದೆ. ಮಳೆನೀರಿನ ಮಿಕ್ವೆಯಲ್ಲಿ ಕನಿಷ್ಠ 40 ಸೆಆ ನೀರಿರಬೇಕು, ಅಂದರೆ ಒಂದು ಮೊಳ ಅಗಲ, ಒಂದು ಮೊಳ ಉದ್ದ, ಮೂರು ಮೊಳ ಆಳ. ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಬೇರೆ ಬೇರೆ ಲೆಕ್ಕಗಳಂತೆ ಸುಮಾರು 330 ಲೀಟರಿನಿಂದ 570 ಲೀಟರಿನವರೆಗೆ. ನಮ್ಮ ಮನೆಗಳ ಮೇಲಿರುವ ಸಾವಿರ ಲೀಟರಿನ ಟ್ಯಾಂಕಿಗಿಂತ ಇದು ಕಡಿಮೆ. ಆದರೂ ಆ ಟ್ಯಾಂಕು ಎಷ್ಟೇ ತುಂಬಿದ್ದರೂ ಮಿಕ್ವೆಯಾಗುವುದಿಲ್ಲ: ಅದು ಪಾತ್ರೆ, ಮಿಕ್ವೆಯಾದರೋ ನೆಲದ ಭಾಗವಾಗಿರಬೇಕು, ಅದರ ನೀರು ಪಂಪಿನಿಂದ ಬಂದದ್ದು, ಮಿಕ್ವೆಗೆ ನೀರು ತಾನಾಗಿ ಬಂದು ಸೇರಬೇಕು. ಬುಗ್ಗೆಯ ನೀರು ಹರಿಯುತ್ತಲೂ ಶುದ್ಧಗೊಳಿಸುತ್ತದೆ, ಮಳೆಯ ನೀರು ನಿಂತರೆ ಮಾತ್ರ. ಏರಿ ಕಟ್ಟಿದ ತಗ್ಗಿನಲ್ಲಿ ಮಳೆ ಬಂದು ನಿಂತ ಕೆರೆಯನ್ನು ಕಣ್ಣಮುಂದೆ ತಂದುಕೊಂಡರೆ ಬೆಂಗಳೂರಿನವರಿಗೆ ಮಿಕ್ವೆಯ ಭಾವ ಹತ್ತಿರವಾಗುತ್ತದೆ.

ಪಾತ್ರೆಯಲ್ಲಿ ತುಂಬಿ ತಂದ ನೀರಿಗೆ ‘ಮಯಿಮ್ ಶೆಉವೀಮ್’, ಅಂದರೆ ಸೇದಿದ ನೀರು ಎಂದು ಹೆಸರು. 40 ಸೆಆ ತುಂಬುವ ಮೊದಲು ಅಂಥ ನೀರು ಮೂರು ಲೋಗ್, ಅಂದರೆ ಒಂದೆರಡು ಲೀಟರಿನಷ್ಟು, ಬಿದ್ದರೂ ಕೊಳ ಕೆಡುತ್ತದೆ. ಒಮ್ಮೆ ಮಳೆನೀರಿನಿಂದ 40 ಸೆಆ ತುಂಬಿದ ಮೇಲೆ ಎಷ್ಟು ಸೇದಿ ಸುರಿದರೂ ಕೆಡುವುದಿಲ್ಲ. ಈ ಮೂರು ಲೋಗ್ ಎಂಬ ಅಳತೆ ನಿಗದಿಯಾದ ಕಥೆ ಮಿಷ್ನಾದ ಎದುಯೋತ್ ಭಾಗದ ಆರಂಭದಲ್ಲಿದೆ. ಆ ಕಾಲದ ಇಬ್ಬರು ದೊಡ್ಡ ಗುರುಗಳಲ್ಲಿ ಹಿಲ್ಲೇಲ್ ಒಂದು ಅಳತೆ ಹೇಳಿದ, ಶಮ್ಮಾಯ್ ಇನ್ನೊಂದು. ಕೊನೆಗೆ ಯೆರೂಸಲೇಮಿನ ತಿಪ್ಪೆ ಬಾಗಿಲಿನ ಬಳಿಯಿಂದ ಬಂದ ಇಬ್ಬರು ನೇಕಾರರು, ಹಿಂದಿನ ಗುರುಗಳಾದ ಶೆಮಾಯಾ ಮತ್ತು ಅವ್ತಲ್ಯೋನರಿಂದ ತಾವು ಕೇಳಿದ್ದು ಮೂರು ಲೋಗ್ ಎಂದು ಸಾಕ್ಷಿ ನುಡಿದರು, ವಿದ್ವಾಂಸರು ಅದನ್ನೇ ಒಪ್ಪಿದರು. ಜೇಡರ ದಾಸಿಮಯ್ಯನ ನಾಡಿನವರಾದ ನಮಗೆ ನೇಕಾರರ ಮಾತು ಪಂಡಿತರ ಮಾತನ್ನು ಮೀರಿ ನಿಂತದ್ದು ಅಚ್ಚರಿಯೆನಿಸದು, ಆದರೆ ಸಂತೋಷವಾಗುತ್ತದೆ.

ಇಂದಿನ ನಗರಗಳ ಮಿಕ್ವೆಯನ್ನು ಹತ್ತಿರದಿಂದ ಕಲ್ಪಿಸಿಕೊಳ್ಳಿ. ಒಂದಕ್ಕೊಂದು ಅಂಟಿಕೊಂಡ ಎರಡು ತೊಟ್ಟಿಗಳು. ಒಂದರಲ್ಲಿ ಮಾಳಿಗೆಯಿಂದ ಇಳಿದ ಮಳೆನೀರು ಮುಚ್ಚಳದಡಿ ಕತ್ತಲಲ್ಲಿ ನಿಂತಿದೆ, ಅದರೊಳಗೆ ಯಾರೂ ಇಳಿಯುವುದಿಲ್ಲ. ಇನ್ನೊಂದರಲ್ಲಿ ನಲ್ಲಿಯ ನೀರು, ಬೆಚ್ಚಗೆ, ಆಗಾಗ ಬದಲಾಯಿಸಿದ್ದು. ಅದಕ್ಕೆ ಇಳಿಯುವ ಮೆಟ್ಟಿಲುಗಳಿವೆ. ನಡುವಿನ ಗೋಡೆಯಲ್ಲಿ ಎರಡು ಬೆರಳು ತಿರುಗಿಸಬಹುದಾದಷ್ಟು ಅಗಲದ ಒಂದು ತೂತು. ಆ ತೂತಿನಲ್ಲಿ ಎರಡೂ ನೀರು ಒಂದನ್ನೊಂದು ಮುಟ್ಟುತ್ತವೆ. ಅದಕ್ಕೆ ‘ಹಶಾಕಾ’ ಎನ್ನುತ್ತಾರೆ, ಆ ಪದಕ್ಕೆ ಮುತ್ತಿಡುವುದು ಎಂಬ ಪದದೊಡನೆ ನಂಟಿದೆ. ಆ ಒಂದು ಸ್ಪರ್ಶದಿಂದ ನಲ್ಲಿಯ ನೀರೆಲ್ಲವೂ ಮಳೆಯ ಕುಲಕ್ಕೆ ಸೇರುತ್ತದೆ. ಹಳೆಯ ಮಿಕ್ವೆಗಳ ಅವಶೇಷಗಳು ಮಸಾದಾ ಕೋಟೆಯಲ್ಲಿಯೂ ಯೆರೂಸಲೇಮಿನ ದೇವಾಲಯದ ದಿಬ್ಬದ ಸುತ್ತಲೂ ಸಿಕ್ಕಿವೆ. ಜರ್ಮನಿಯ ಸ್ಪೈಯರ್ ಮತ್ತು ವೋರ್ಮ್ಸ್ ಊರುಗಳಲ್ಲಿರುವ 12ನೆಯ ಶತಮಾನದ ಮಿಕ್ವೆಗಳು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮುಳುಗುವವರು ಮೊದಲು ಮೈಯನ್ನು ಚೆನ್ನಾಗಿ ತೊಳೆದು, ಉಂಗುರ, ಉಗುರಿನ ಬಣ್ಣ, ಗಾಯದ ಪಟ್ಟಿ, ಏನೊಂದೂ ನೀರಿಗೂ ಮೈಗೂ ನಡುವೆ ಉಳಿಯದಂತೆ ನೋಡಿಕೊಂಡು, ಒಂದು ಕೂದಲೂ ಮೇಲೆ ತೇಲದಂತೆ ಪೂರ್ತಿ ಮುಳುಗುತ್ತಾರೆ. ಕೊಳೆ ತೊಳೆಯುವ ಕೆಲಸ ಮಿಕ್ವೆಗೆ ಬರುವ ಮೊದಲೇ ಮುಗಿದಿರುತ್ತದೆ ಎಂಬುದರಲ್ಲಿಯೇ ಇದರ ಅರ್ಥವಿದೆ. ಯೆಹೂದಿ ವಿದ್ವಾಂಸ ಮೈಮೊನಿಡೀಸ್ (1138–1204) ತನ್ನ ಧರ್ಮಸಂಹಿತೆಯಲ್ಲಿ ಮಿಕ್ವೆಯ ಕಟ್ಟಳೆಗಳನ್ನು ಮುಗಿಸುವಾಗ, ಅಶುದ್ಧಿಯೆಂಬುದು ನೀರಿನಿಂದ ಹೋಗುವ ಕೆಸರೋ ಹೊಲಸೋ ಅಲ್ಲವೆಂದೂ, ಅದು ಶಾಸ್ತ್ರದ ವಿಧಿ, ಹೃದಯದ ಸಂಕಲ್ಪವನ್ನು ಅವಲಂಬಿಸಿದ್ದೆಂದೂ ಸ್ಪಷ್ಟವಾಗಿ ಬರೆದಿದ್ದಾನೆ. ಮದುವೆಯ ಮುನ್ನ ವಧು, ಮುಟ್ಟಿನ ದಿನಗಳ ನಂತರ ಗೃಹಿಣಿ, ಧರ್ಮಕ್ಕೆ ಹೊಸದಾಗಿ ಸೇರುವವರು, ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನದ ಮುನ್ನ ಅನೇಕ ಗಂಡಸರು ಮುಳುಗುತ್ತಾರೆ. ಯೆಹೂದಿಯಲ್ಲದವರಿಂದ ಕೊಂಡ ಲೋಹದ ಮತ್ತು ಗಾಜಿನ ಊಟದ ಪಾತ್ರೆಗಳನ್ನೂ ಮುಳುಗಿಸುತ್ತಾರೆ.

ನನ್ನ ಪೆನ್ಸಿಲಿನ ‘ಮಡಿ’ ತಪ್ಪಾದದ್ದು ಇಲ್ಲಿಯೇ. ಶುದ್ಧಿಗೆ ‘ತಹಾರಾ’, ಅಶುದ್ಧಿಗೆ ‘ತುಮಾ’ ಎಂಬ ಹೀಬ್ರೂ ಪದಗಳನ್ನು ಮಡಿ, ಮೈಲಿಗೆ ಎಂದರೆ ಹೊರಗಿನ ಆಚರಣೆ ಹೋಲುತ್ತದೆ, ಒಳಗಿನ ಅರ್ಥ ಹೋಲುವುದಿಲ್ಲ. ತುಮಾ ಯಾವ ಜಾತಿಗೂ ಅಂಟಿಕೊಂಡದ್ದಲ್ಲ, ಅದನ್ನು ಹೊತ್ತು ಯಾರೂ ಹುಟ್ಟುವುದಿಲ್ಲ. ಅದು ಬಂದು ಹೋಗುವ ಸ್ಥಿತಿ. ಅದು ಪಾಪವೂ ಅಲ್ಲ. ಅದರಲ್ಲಿ ಅತ್ಯಂತ ಘನವಾದದ್ದು ಶವದ ಸಂಪರ್ಕದಿಂದ ಬರುವಂಥದು, ಆದರೆ ಸತ್ತವರನ್ನು ಮಣ್ಣು ಮಾಡುವುದು ಅವರಲ್ಲಿ ಅತ್ಯಂತ ಶ್ರೇಷ್ಠ ಕರ್ತವ್ಯಗಳಲ್ಲಿ ಒಂದು. ಧರ್ಮಗ್ರಂಥದ ಮಾತಿಗೆ ಯಾರ ತುಮಾವೂ ತಟ್ಟುವುದಿಲ್ಲವೆಂದು ತಾಲ್ಮುದ್ದಿನ ಬೆರಾಖೋತ್ ಭಾಗ ಹೇಳುತ್ತದೆ. ಆದ್ದರಿಂದ ಗುಂಪಿನಲ್ಲಿ ಓದುವಾಗ ಈ ಎರಡು ಪದಗಳನ್ನು ಹೀಬ್ರೂವಿನಲ್ಲಿಯೇ ಉಳಿಸಿಕೊಳ್ಳಿರೆಂದು ನಾನು ಒತ್ತಿ ಹೇಳುತ್ತೇನೆ. ಇನ್ನೊಂದು ಸೂಚನೆ: ಮಿಕ್ವೆಗೆ ಹೋಗಿಬರುವುದು ಯೆಹೂದಿ ಹೆಣ್ಣುಮಕ್ಕಳ ಅತ್ಯಂತ ಖಾಸಗಿ ವಿಷಯ, ಪರಿಚಯದವರಿದ್ದರೂ ಅವರ ಸ್ವಂತದ ಆಚರಣೆಯನ್ನು ಕೇಳಬಾರದು.

ಸೇದಿದ ನೀರಿಗೂ ಒಂದು ಸ್ಥಾನ

ಇಷ್ಟಾದ ಮೇಲೆ ಸೇದಿದ ನೀರು ಕೀಳು ಎಂಬ ತೀರ್ಮಾನಕ್ಕೆ ಬಂದುಬಿಡುವ ಅಪಾಯವಿದೆ. ಅದನ್ನು ತಪ್ಪಿಸಲು ರೊಟ್ಟಿಯ ಊಟಕ್ಕೆ ಮೊದಲು ಕೈತೊಳೆಯುವ ಕಟ್ಟಳೆಯನ್ನು ಓದಬೇಕು. ಅದು ಮಿಷ್ನಾದ ಯಾದಾಯಿಮ್ ಭಾಗದ ಮೊದಲ ಅಧ್ಯಾಯದಲ್ಲಿದೆ. ಇಲ್ಲಿ ನಿಯಮ ತಲೆಕೆಳಗು: ನೀರು ಪಾತ್ರೆಯಿಂದಲೇ ಬರಬೇಕು, ಯಾರಾದರೂ ಅದನ್ನು ಸುರಿಯಬೇಕು. ಬೊಗಸೆಯಿಂದ ಸುರಿಯುವಂತಿಲ್ಲ, ಒಡೆದ ಮಡಕೆಯ ಚೂರಿನಿಂದಲೂ ಸಲ್ಲದು. ಒಂದು ಕೆಲಸಕ್ಕೆ ಬಳಸಿದ ನೀರು, ರೊಟ್ಟಿ ನೆನೆಸಿದ ನೀರು, ಬಣ್ಣ ತಿರುಗಿದ ನೀರು, ಇವು ಯಾವುವೂ ಆಗದು.

ಮನೆಯ ಹಿತ್ತಾಳೆ ಚೊಂಬು ತೆಗೆದುಕೊಂಡು ಬಚ್ಚಲಿನಲ್ಲಿ ನಿಂತು ಆ ಚಲನೆಯನ್ನು ಗಮನಿಸಿ ನೋಡಬಹುದು. ಅವರ ಆಶೀರ್ವಚನವನ್ನು ಮಾತ್ರ ಹೇಳಬೇಡಿ, ಅದು ಅವರದು. ಎಡಗೈಯಲ್ಲಿ ಚೊಂಬು ಹಿಡಿದು ಬಲಗೈಯ ಮೇಲೆ ಮಣಿಕಟ್ಟಿನವರೆಗೆ ಎರಡು ಇಲ್ಲವೇ ಮೂರು ಸಲ ಸುರಿಯಬೇಕು, ಆಮೇಲೆ ಕೈ ಬದಲಿಸಿ ಎಡಗೈಗೆ. ತೊಳೆದ ಕೈ ತೊಳೆಯದ ಕೈಯನ್ನು ಮುಟ್ಟದಿರಲೆಂದೇ ಅವರ ಬಟ್ಟಲಿಗೆ ಎರಡು ಹಿಡಿಗಳಿರುವುದುಂಟು. ಆಮೇಲೆ ಎರಡೂ ಕೈಗಳನ್ನು ಮೇಲೆತ್ತುತ್ತಾರೆ. ಈ ಆಚರಣೆಯ ಹೆಸರು ‘ನೆತಿಲಾತ್ ಯಾದಾಯಿಮ್’, ಅದನ್ನು ಕೈ ಎತ್ತುವಿಕೆ ಎಂದು ಅರ್ಥೈಸುತ್ತಾರೆ. ತೊಳೆಯುವಿಕೆ ಎಂಬ ಪದವೇ ಅದರಲ್ಲಿಲ್ಲ. ರೊಟ್ಟಿ ಮುರಿಯುವವರೆಗೆ ಯಾರೂ ಮಾತನಾಡುವುದಿಲ್ಲ. ನೀವು ಅಂಥ ಊಟಕ್ಕೆ ಅತಿಥಿಯಾಗಿ ಹೋದಾಗ ಕೈತೊಳೆದು ಬಂದವರು ಮೌನವಾಗಿ ಕುಳಿತಿದ್ದರೆ ಅದನ್ನು ಬಿಗುಮಾನವೆಂದು ತಿಳಿಯಬೇಡಿ, ನೀವೂ ಸುಮ್ಮನೆ ಕುಳಿತಿರಿ.

ನಮ್ಮ ಊರಿನ ಮೈಸೂರು ರಸ್ತೆಯಲ್ಲಿ ಯೆಹೂದಿಗಳ ಒಂದು ಚಿಕ್ಕ ಸ್ಮಶಾನವಿದೆ. ಸ್ಮಶಾನದಿಂದ ಹೊರಬರುವಾಗ ಕೈಮೇಲೆ ನೀರು ಸುರಿದುಕೊಳ್ಳುವುದೂ ಅವರ ಸಂಪ್ರದಾಯ. ಸಾವಿನ ಮನೆಯಿಂದ ಬಂದು ಬಾಗಿಲಲ್ಲಿಯೇ ಕಾಲಿಗೆ ನೀರು ಹಾಕಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೇದುವ ಕೆಲಸದ ಅತ್ಯಂತ ದೊಡ್ಡ ಸಂಭ್ರಮ ಸುಕ್ಕೋತ್ ಹಬ್ಬದ್ದು. ಯೆರೂಸಲೇಮಿನಲ್ಲಿ ದೇವಾಲಯ ನಿಂತಿದ್ದ ಕಾಲದಲ್ಲಿ ಶಿಲೋವಾಹ ಕೊಳದಿಂದ ಚಿನ್ನದ ಹೂಜಿಯಲ್ಲಿ ನೀರು ತುಂಬಿಕೊಂಡು, ನೀರಬಾಗಿಲಿನ ಮೂಲಕ ಕೊಂಬು ಊದುತ್ತ ತಂದು ಬಲಿಪೀಠದ ಮೇಲೆ ಎರೆಯುತ್ತಿದ್ದರೆಂದು ಮಿಷ್ನಾದ ಸುಕ್ಕಾ ಭಾಗ ಹೇಳುತ್ತದೆ. ಒಮ್ಮೆ ಎರೆಯುವವನು ನೀರನ್ನು ಪೀಠದ ಮೇಲೆ ಸುರಿಯದೆ ತನ್ನ ಕಾಲ ಮೇಲೆ ಸುರಿದುಕೊಂಡದ್ದಕ್ಕೆ ಜನರೆಲ್ಲ ಕೈಯಲ್ಲಿದ್ದ ಮಾದಲ ಜಾತಿಯ ಹಣ್ಣುಗಳಿಂದ ಅವನನ್ನು ಹೊಡೆದರಂತೆ. ಅಂದಿನಿಂದ ಎಲ್ಲರಿಗೂ ಕಾಣುವಂತೆ ಕೈಯನ್ನು ಮೇಲೆತ್ತಿ ಎರೆಯಬೇಕೆಂಬ ರೂಢಿ ಬಂತು. ರಾತ್ರಿಯ ಆ ಉತ್ಸವಕ್ಕೆ ‘ಬೇತ್ ಹಶೋಏವಾ’, ಅಂದರೆ ಸೇದುವ ಮನೆಯ ಸಂಭ್ರಮ ಎಂದು ಹೆಸರು. ಅದನ್ನು ಕಾಣದವನು ಬದುಕಿನಲ್ಲಿ ಸಂಭ್ರಮವನ್ನೇ ಕಂಡಿಲ್ಲ ಎನ್ನುತ್ತದೆ ಮಿಷ್ನಾ. ಶೋಏವಾ, ಶೆಉವೀಮ್ ಎರಡೂ ಒಂದೇ ಧಾತುವಿನಿಂದ ಬಂದವು. ಆ ಚಿನ್ನದ ಹೂಜಿ ಹಿಡಿಯುತ್ತಿದ್ದ ನೀರು ಎಷ್ಟೆಂದು ನೋಡಿ: ಮೂರು ಲೋಗ್. ಅರೆತುಂಬಿದ ಮಿಕ್ವೆಯನ್ನು ಕೆಡಿಸುವ ಅದೇ ಮೂರು ಲೋಗ್ ಸೇದಿದ ನೀರು ಇಲ್ಲಿ ಬಲಿಪೀಠವನ್ನು ಏರುತ್ತದೆ. ಎರಡು ಭಾಗಗಳನ್ನು ಬೇರೆ ಬೇರೆ ತಿಂಗಳಲ್ಲಿ ಓದಿದ್ದ ನಾನು ನೋಟ್‌ಬುಕ್ಕಿನಲ್ಲಿ ಅವು ಎದುರುಬದುರು ಪುಟಗಳಲ್ಲಿ ಬಂದಾಗಲೇ ಇದನ್ನು ಕಂಡದ್ದು, ಆ ದಿನ ಮುಂದಕ್ಕೆ ಓದಲಾಗದೆ ಪುಸ್ತಕ ಮುಚ್ಚಿಟ್ಟೆ. ರೆಬೆಕ್ಕ ಅಪರಿಚಿತನ ಹತ್ತು ಒಂಟೆಗಳಿಗೆ ಬಾವಿಯಿಂದ ನೀರು ಸೇದಿ ಕುಡಿಸಿದ ಆದಿಕಾಂಡದ 24ನೆಯ ಅಧ್ಯಾಯದಲ್ಲಿಯೂ ಮೂಲದಲ್ಲಿ ಇದೇ ಧಾತು ಬರುತ್ತದೆ.

ಓದನ್ನು ಹಂಚಿಕೊಳ್ಳುವ ಕ್ರಮ

ಸಮುದ್ರ ಇಬ್ಭಾಗವಾದ ವಿಮೋಚನಕಾಂಡದ 14ನೆಯ ಅಧ್ಯಾಯ, ಬಾವಿಗಳಿಗಾಗಿ ಇಸಾಕನ ಆಳುಗಳು ಜಗಳವಾಡಿದ ಆದಿಕಾಂಡದ 26ನೆಯ ಅಧ್ಯಾಯ, ದೇವಾಲಯದ ಹೊಸ್ತಿಲಿನಿಂದ ಹೊಳೆ ಹರಿಯುವ ಯೆಹೆಜ್ಕೇಲನ 47ನೆಯ ಅಧ್ಯಾಯ, ಇವುಗಳನ್ನು ಇದೇ ಪ್ರಶ್ನೆ ಹಿಡಿದು ನೀವೇ ಓದಿಕೊಳ್ಳಬಹುದು. ಅರಣ್ಯಕಾಂಡದ 20ನೆಯ ಅಧ್ಯಾಯದಲ್ಲಿ ಮಾತ್ರ ಮೊದಲ ಎರಡು ವಚನಗಳ ನಡುವೆ ತುಸು ನಿಲ್ಲಿ: ಮೋಶೆಯ ಅಕ್ಕ ಮಿರ್ಯಾಮಳು ಸತ್ತಳು ಎಂದು ಒಂದು ವಚನ, ಜನರಿಗೆ ನೀರಿಲ್ಲದೆ ಹೋಯಿತು ಎಂದು ಮುಂದಿನದು. ಮರುಭೂಮಿಯಲ್ಲಿ ಜೊತೆಗೆ ಬರುತ್ತಿದ್ದ ಬಾವಿ ಅವಳ ಪುಣ್ಯದಿಂದ ದೊರೆತದ್ದೆಂದು ತಾಲ್ಮುದ್ ಆ ಎರಡು ವಾಕ್ಯಗಳ ನಡುವಿನ ಮೌನದಿಂದಲೇ ತಿಳಿದುಕೊಂಡಿತು.

ವಾರದ ಯಾವ ದಿನ ಓದಬೇಕೆಂಬುದಕ್ಕೂ ಈ ಪರಂಪರೆಯಲ್ಲಿ ನೀರಿನದೇ ಉತ್ತರವಿದೆ. ಕೆಂಪು ಸಮುದ್ರವನ್ನು ದಾಟಿದ ಜನ ಮೂರು ದಿನ ನಡೆದರೂ ನೀರು ಸಿಗಲಿಲ್ಲವೆಂದು ವಿಮೋಚನಕಾಂಡದ 15ನೆಯ ಅಧ್ಯಾಯದಲ್ಲಿದೆ. ಅಲ್ಲಿ ನೀರು ಎಂದರೆ ಧರ್ಮಬೋಧೆಯಾದ ತೋರಾ ಎಂದು ತಾಲ್ಮುದ್ದಿನ ಬಾವಾ ಕಾಮಾ ಭಾಗ ಅರ್ಥ ಹೇಳಿ, ಅದಿಲ್ಲದೆ ಮೂರು ದಿನ ಕಳೆಯಬಾರದೆಂದೇ ಸೋಮವಾರ, ಗುರುವಾರ ಮತ್ತು ಶನಿವಾರ ಸಭಾಮಂದಿರದಲ್ಲಿ ಅದನ್ನು ಓದುವ ಏರ್ಪಾಡಾಯಿತು ಎನ್ನುತ್ತದೆ. ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಬಡಾವಣೆಗಳಲ್ಲಿ ಇರುವವರಿಗೆ ನೀರಿನ ದಿನ ಯಾವುದೆಂದು ಕ್ಯಾಲೆಂಡರ್ ನೋಡದೆಯೇ ಗೊತ್ತಿರುತ್ತದೆ. ನಮ್ಮ ಓದಿನ ಗುಂಪು ಆ ಮೂರು ದಿನಗಳನ್ನೇ ಇಟ್ಟುಕೊಂಡಿದೆ. ಸೋಮವಾರ ಮತ್ತು ಗುರುವಾರ ಮನೆಯಲ್ಲಿ ಹತ್ತು ಹತ್ತು ವಚನ, ಶನಿವಾರ ಸಂಜೆ ಎಲ್ಲರೂ ಸೇರಿ ಒಂದು ಅಧ್ಯಾಯ. ತಾನೀತ್ ಭಾಗವನ್ನು ಅಕ್ಟೋಬರಿಗೆ ಇಟ್ಟುಕೊಳ್ಳಿ. ಅಲ್ಲಿನ ಯೋರೆಯೂ ಇಲ್ಲಿನ ಹಿಂಗಾರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ, ಓದುವಾಗ ಹೊರಗೆ ಮಳೆಯ ಸದ್ದು ಕೇಳಿಸುವ ಸಾಧ್ಯತೆ ಇರುತ್ತದೆ.